ಅತ್ತೆಯ ತೋಳಿನ ನೀಲಿ ಕಲೆಗಳು

ಅತ್ತೆಯ ತೋಳಿನಲ್ಲಿ ನೀಲಿ ಕಲೆಗಳು ಕಂಡಾಗ ನಾದಿನಿ ಸೊಸೆಯ ಕೈಯನ್ನೊಮ್ಮೆ ನೋಡಿದಳು, ಅಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು; ನೋಟಕ್ಕೆ ಏನೆಂದು ಉತ್ತರ ಕೊಡುವುದು?

ಅತ್ತೆಗೆ ಸ್ನಾನ ಮಾಡಿಸುವವಳು ಸೊಸೆ. ಹೃದಯದ ಕಾಯಿಲೆಗೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಮುದುಕಿ, ಒದ್ದೆ ನೆಲದಲ್ಲಿ ಜಾರಿದರೆ ಗತಿಯೇನೆಂದು ಸೊಸೆ ಅವಳ ತೋಳನ್ನು ಬಿಗಿಯಾಗಿ ಹಿಡಿಯುತ್ತಿದ್ದಳು. ಎಷ್ಟು ಬಿಗಿಯಾಗಿ? ಯೋಚಿಸಿದಷ್ಟೂ ಅವಳಿಗೆ ತನ್ನ ಮೇಲೇ ಗುಮಾನಿ ಹತ್ತಿತು. ಕೆಲಸಕ್ಕೆ ತಡವಾಗುವ ಸಿಟ್ಟು ಬೆರಳಿಗೆ ಇಳಿದಿತ್ತೇ? ಅತ್ತೆಯನ್ನು ಕೇಳಿದರೆ ಗೋಡೆಯ ಕಡೆ ಹೊರಳಿ ಮಲಗಿಬಿಡುತ್ತಿದ್ದಳು.

ಕಲೆಗಳು ಮೊಣಕಾಲಿಗೂ ಹಬ್ಬಿದಾಗ ಮೂವರೂ ಆಸ್ಪತ್ರೆಗೆ ಹೋದರು. ಪರೀಕ್ಷೆ ಮಾಡಿದರೆ ರಕ್ತ ಅಳತೆ ಮೀರಿ ತೆಳುವಾಗಿತ್ತು. ಮಾತ್ರೆಯೇನೂ ಹೆಚ್ಚಾಗಿರಲಿಲ್ಲ. ಡಾಕ್ಟರಮ್ಮ ಬಗ್ಗಿ ಅತ್ತೆಯ ಮಂಡಿ ಮೂಸಿದರು.

"ಅಜ್ಜಿ, ಮಂಡಿಗೆ ಏನು ಹಚ್ತಿದ್ದೀರಿ?"

ಅತ್ತೆ ಕಿಟಕಿಯ ಕಡೆ ನೋಡಿದಳು. ಕೊನೆಗೆ ಮಾತು ಹೊರಬಿತ್ತು. ಕಾಡಿನಲ್ಲಿ ಮರಗಳ ನೆರಳಿನ ನೆಲಕ್ಕೆ ಅಂಟಿಕೊಂಡು ವರ್ಷವಿಡೀ ಹಸಿರಾಗಿರುವ ವಿಂಟರ್‌ಗ್ರೀನ್ ಎಂಬ ಸೊಪ್ಪು; ಅದರಿಂದ ಭಟ್ಟಿ ಇಳಿಸಿದ ಎಣ್ಣೆಯನ್ನು ಗೆಳತಿಯೊಬ್ಬಳು ಕೊಟ್ಟಿದ್ದಳು. ಮನೆಯವರೆಲ್ಲ ಆ ವಾಸನೆಯನ್ನು ಮಾಮೂಲಿ ನೋವಿನ ಮುಲಾಮಿನದೆಂದುಕೊಂಡಿದ್ದರು.

"ಕುಡಿದಿಲ್ಲ ತಾನೆ?"

"ಕುಡಿಯೋಕೆ ನಂಗೇನು ಹುಚ್ಚೇ?"

ಸದ್ಯ, ಕುಡಿದಿದ್ದರೆ ಜೀವಕ್ಕೇ ಸಂಚಕಾರವಿತ್ತು ಎಂದರು ಡಾಕ್ಟರಮ್ಮ. ಸೊಪ್ಪನ್ನು ದೂರುವಂತಿಲ್ಲ, ಮೈಕೈ ನೋವಿಗೆ ಒಳ್ಳೆಯದೇ. ಆದರೆ ಚರ್ಮದಿಂದ ಒಳಗಿಳಿದು ಈ ಮಾತ್ರೆಯ ಜೊತೆ ಸೇರಿದರೆ ರಕ್ತ ನೀರಾದಂತೆಯೇ. ಒಳಗೆಲ್ಲೂ ರಕ್ತಸ್ರಾವವಾಗಿರಲಿಲ್ಲ. ಎಣ್ಣೆ ಬಿಟ್ಟು, ಅವರು ಹೇಳಿದಂತೆ ಔಷಧಿ ತೆಗೆದುಕೊಂಡರೆ ಸರಿಹೋಗುತ್ತದೆ.

ನಾದಿನಿ ತಗ್ಗಿದ ದನಿಯಲ್ಲಿ ಕೇಳಿದಳು: "ಹಾಗಾದ್ರೆ ಕೈ ಹಿಡಿದಿದ್ದಕ್ಕೆ ಆಗಿದ್ದಲ್ವಾ?"

"ಇಂಥ ರಕ್ತಕ್ಕೆ ಮಂಚದ ಅಂಚು ತಾಗಿದ್ರೂ ಸಾಕು. ಹಿಡಿಯದೆ ಬಿಟ್ಟು ಇವರು ಬಿದ್ದಿದ್ರೆ ಇಲ್ಲಿ ಕೂತು ಮಾತಾಡ್ತಿರಲಿಲ್ಲ."

ಸೊಸೆಗೆ ಅಳು ಬರಬೇಕಿತ್ತು, ಬಂದದ್ದು ನಗು. ಅದನ್ನು ನುಂಗಿಕೊಂಡು ಅತ್ತೆಯನ್ನು ಕೇಳಿದಳು: "ನನ್ನ ಮೇಲೆ ತಪ್ಪು ಬಂದ್ರೂ ಪರವಾಗಿಲ್ಲ ಅಂತ ಸುಮ್ಮನಿದ್ರಾ?"

"ಹೇಳಿದ್ರೆ ನೀನು ಚರಂಡಿಗೆ ಸುರೀತಿದ್ದೆ," ಎಂದಳು ಅತ್ತೆ. ಮಂಡಿಯ ಮೇಲೆ ಸೀರೆ ಎಳೆದುಕೊಳ್ಳುತ್ತ, "ನೋವು ನಿಂತಿತ್ತು ಕಣೇ," ಎಂದಳು.

ಹೊರಗೆ ಮೆಟ್ಟಿಲ ಬಳಿ ನಾದಿನಿ ಅತ್ತೆಯ ತೋಳಿಗೆ ಕೈ ಹಾಕಿದಳು. ಅತ್ತೆ ಬಿಡಿಸಿಕೊಂಡಳು.

"ನೀನು ಬಿಡು. ಅವಳು ಹಿಡೀಲಿ."

ಸೊಸೆ ಹಿಡಿದಳು. ಕೆಳಗಿಳಿಯುವವರೆಗೂ ಮುದುಕಿ ಮೆಲ್ಲಗೆ, ಮೆಲ್ಲಗೆ ಎಂದು ಗೊಣಗುತ್ತಲೇ ಇದ್ದಳು.