ಸಾಸಿವೆ ಕಾಳಿನಷ್ಟು

ನಿಜಾಮರ ಕಾಲ ಮುಗಿದಿದ್ದರೂ ಮಸ್ಕಿಯ ಅಫೀಮಿನ ಅಂಗಡಿ ಇನ್ನೂ ಮುಚ್ಚಿರಲಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಕೂಸಿಗೆ ಸಾಸಿವೆ ಕಾಳಿನಷ್ಟು ಅಫೀಮು ತಿನ್ನಿಸಿ ಹೊಲಕ್ಕೆ ಒಯ್ಯುವುದು ಕೂಲಿ ಹೆಂಗಸರ ರೂಢಿ. ಕೂಸು ಬೇವಿನ ನೆರಳಲ್ಲಿ ಸಂಜೆತನಕ ಮಲಗಿರುತ್ತಿತ್ತು. ಅಮರಮ್ಮನ ಮನೆಯಲ್ಲಿ ಅಫೀಮು ತಿನ್ನಿಸುವುದು ಅತ್ತೆ ಗ್ಯಾನಮ್ಮನ ಕೆಲಸ. ಅಂದು ಅತ್ತೆ ನಸುಕಿನಲ್ಲೇ ಮಸ್ಕಿಯ ಸಂತೆಗೆ ಹೋಗಿದ್ದರಿಂದ ಅಮರಮ್ಮ ತಾನೇ ಮೊಲೆತೊಟ್ಟಿಗೆ ಸವರಿ ಕುಡಿಸಿದಳು.

"ನಿನ್ನ ಮಗಳು ನವಾಬರಂಗ ಮಲಗ್ಯಾಳಲ್ಲಬೇ! ಗಾಳಿ ಬೀಸಾಕ ಆಳು ಕಳಸ್ಲೇನು?" ಎಂದು ಹೊಲದಲ್ಲಿ ಪಕ್ಕದ ಸಾಲಿನ ಹತ್ತಿ ಬಿಡಿಸುತ್ತಿದ್ದವಳು ನಗಿಸಿದಳು. ಅಮರಮ್ಮನೂ ನಕ್ಕಳು. ಬುತ್ತಿ ಉಣ್ಣುವ ಹೊತ್ತಿಗೆ ಹಾಲು ಕುಡಿಸಲೆಂದು ಎತ್ತಿಕೊಂಡರೆ ಕೂಸಿನ ತುಟಿ ನೀಲಿಗಟ್ಟಿತ್ತು.

ಬಂಡಿ ಹೂಡಿಸಿಕೊಂಡು ಮಸ್ಕಿಯ ದವಾಖಾನೆಗೆ ಬಂದಳು. ಡಾಕ್ಟರ್ ರಹಿಮಾನ್ ಕೂಸಿನ ಕಣ್ಣರೆಪ್ಪೆ ಎತ್ತಿ ನೋಡಿದರು.

"ಅಫೀಮು ಎಷ್ಟು ಕೊಟ್ಟಿ?"

"ಸಾಸಿವಿ ಕಾಳಿನಷ್ಟು ರೀ. ದಿನಾ ಅಷ್ಟ."

ಅವರು ನಂಬಲಿಲ್ಲ. ಸ್ಟೆತಸ್ಕೋಪನ್ನು ಪುಟ್ಟ ಎದೆಗಿಟ್ಟು, ಬಡಿತಕ್ಕೆ ಸರಿಯಾಗಿ ಮೇಜಿನ ಮೇಲೆ ಬೆರಳು ತಟ್ಟತೊಡಗಿದರು.

"ಗುಂಡಿಗಿ ಗಟ್ಟಿ ಐತಿ. ಉಸಿರಾಡೋದ ಮರ್ತೈತಿ ಕೂಸು. ಉಸಿರು ಬರಲಿಲ್ಲಂದ್ರ ಗುಂಡಿಗಿನೂ ಭಾಳ ಹೊತ್ತು ತಡಿಯಂಗಿಲ್ಲ."

ಬಾಯಿಗೆ ಬಾಯಿ ಹಚ್ಚಿ ಊದಿದರು. ಕೇಳಿದರು, ಬೆರಳು ತಟ್ಟಿದರು, ಮತ್ತೆ ಊದಿದರು.

"ಲಿಂಗಸುಗೂರಿನ ದೊಡ್ಡ ದವಾಖಾನಿಗೆ ಒಯ್ಯಲೇನ್ರಿ ಸಾಬ್ರ?"

"ದಾರ್ಯಾಗ ಯಾರು ಊದ್ತಾರವ್ವಾ?"

ಗಟ್ಟಿ ಎಂಬ ಒಂದೇ ಮಾತನ್ನು ಹಿಡಿದುಕೊಂಡು ಅಮರಮ್ಮ ಆ ಬೆರಳನ್ನೇ ನೋಡುತ್ತ ನಿಂತಳು.

ಸಂತೆಗೆ ಸುದ್ದಿ ಮುಟ್ಟಿ ಗ್ಯಾನಮ್ಮ ಏದುಸಿರು ಬಿಡುತ್ತ ಓಡಿ ಬಂದಳು.

"ಏನಾತಬೇ ಅಮರಿ? ಮುಂಜಾನೆ ನಾ ಅಫೀಮು ಕೊಟ್ಟಾಗ ಚೊಲೋ ಇತ್ತಲ್ಲ!"

"ನೀನೂ ಕೊಟ್ಟಿದ್ದೇನತ್ತಿ?"

"ನೀ ನೀರಿಗೆ ಹೋಗಿದ್ದಿ. ಸಂತಿಗೆ ಹೊಂಟಾಕಿ ಕೂಸಿನ ನಾಲಿಗಿಗೆ ಸವರಿ ಬಂದ್ನಿ. ನಿನಗೊಂದು ಕೆಲಸ ತಪ್ಪಲಿ ಅಂತ…" ಸೊಸೆಯ ಮುಖ ನೋಡಿ ಮುದುಕಿಗೆ ಎಲ್ಲ ತಿಳಿಯಿತು. ಅಫೀಮು ಸವರಿದ ಕೈಯನ್ನು ಸೆರಗಿಗೆ ಒರೆಸತೊಡಗಿದಳು.

ಅಮರಮ್ಮ ಡಾಕ್ಟರರ ಕಡೆ ತಿರುಗಿದಳು. ಮೇಜಿನ ಮೇಲಿನ ಬೆರಳು ನಿಧಾನವಾಗಿತ್ತು. ಒಮ್ಮೆ ತಟ್ಟಿತು. ಇನ್ನಿಲ್ಲ ಅನ್ನುವಷ್ಟರಲ್ಲಿ ಇನ್ನೊಮ್ಮೆ. ಆಮೇಲೆ ಎತ್ತಿದ್ದು ಎತ್ತಿದಂತೆಯೇ ಉಳಿಯಿತು.

ಡಾಕ್ಟರು ಮತ್ತೆ ಊದಿದರು, ಮತ್ತೆ ಕೇಳಿದರು. ಬೆರಳು ಕೆಳಗಿಳಿಯಲಿಲ್ಲ. ಆದರೂ ಸ್ಟೆತಸ್ಕೋಪನ್ನು ಎದೆಯಿಂದ ತೆಗೆಯಲೊಲ್ಲರು. ತೆಗೆದರೆ ತಾಯಿಗೆ ಏನಾದರೂ ಹೇಳಬೇಕಾಗುತ್ತಿತ್ತು.

ಕಡೆಗೆ ಅಮರಮ್ಮನೇ ಸ್ಟೆತಸ್ಕೋಪು ಹಿಡಿದ ಅವರ ಕೈ ಸರಿಸಿ, ಕೂಸಿನ ಅಂಗಿಯನ್ನು ಹೊಟ್ಟೆತನಕ ಎಳೆದಳು.

"ಸಾಕು ತಗೀರಿ ಸಾಬ್ರ," ಎಂದಳು. "ಥಣ್ಣಗೈತಿ ಅದು, ಕೂಸಿಗೆ ಥಂಡಿ ಹತ್ತತೈತಿ."