ತೂತಿಲ್ಲದ ಬಲೆ

ಕೊಲ್ಲಿಯಲ್ಲಿ ಮೀನು ಸಾಯುತ್ತಿದೆ ಎಂಬ ದೂರು ವಿಚಾರಿಸಲು ಅಧಿಕಾರಿ ಬಲೆ ರಿಪೇರಿ ಮಾಡುವ ಅಜ್ಜಿಯ ಶೆಡ್ಡಿಗೆ ಬಂದ. ಕೊಲ್ಲಿಗೇ ಪೈಪು ಬಿಟ್ಟಿದ್ದ ಬಣ್ಣದ ಕಾರ್ಖಾನೆಯ ಮ್ಯಾನೇಜರ್ ಬಾಲದಂತೆ ಅವನ ಹಿಂದೆಯೇ ಇದ್ದ. ಗೋಡೆಗೆ ತೂಗುಹಾಕಿದ್ದ ಬಲೆ ಕಂಡು ಮ್ಯಾನೇಜರನ ಮುಖ ಅರಳಿತು.

"ಇದೆಷ್ಟು ಹಳೇದಜ್ಜಿ?"

"ಎರಡು ವರ್ಷದ್ದು."

"ನೋಡಿ ಸಾರ್, ಒಂದು ತೂತೂ ಇಲ್ಲ! ನಮ್ಮ ನೀರು ಕೆಟ್ಟದ್ದಾಗಿದ್ರೆ ಬಲೆ ಹೀಗಿರ್ತಿತ್ತಾ?"

ಅಜ್ಜಿಗೆ ನಗು ತಡೆಯಲಾಗಲಿಲ್ಲ. "ನೀನೇ ಬಾಯಿಬಿಟ್ಟೆಯಲ್ಲಪ್ಪಾ! ಬಲೆ ತೂತು ಮಾಡೋದು ನೀರಲ್ಲ, ಏಡಿ. ಸಿಕ್ಕಿಬಿದ್ದ ಏಡಿ ದಾರ ಕತ್ತರಿಸದೆ ಬಿಡುತ್ತಾ?"

ಮೂಲೆಯಲ್ಲಿದ್ದ ಹಳೆಯ ಬಲೆಯನ್ನು ಎಳೆದು ಅಧಿಕಾರಿಯ ಕೈಗೆ ಹಾಕಿದಳು. ಗೇಣಿಗೊಂದು ತೇಪೆ.

"ಇದು ಕಾರ್ಖಾನೆ ಬರೋಕೆ ಮುಂಚಿನದು. ಆಗ ನನಗೆ ಉಣ್ಣೋಕೂ ಪುರುಸೊತ್ತಿರಲಿಲ್ಲ. ಆ ಹೊಸ ಬಲೆ ದಿನಾ ಕೊಲ್ಲಿಗೆ ಇಳಿಯುತ್ತೆ. ಕತ್ತರಿಸೋಕೆ ಒಂದು ಏಡಿಯಾದರೂ ಉಳಿದಿದ್ರೆ ತಾನೆ?"

ಅಧಿಕಾರಿ ಎರಡೂ ಬಲೆಗಳ ಫೋಟೊ ತೆಗೆದುಕೊಂಡು ಹೊರಡುವಷ್ಟರಲ್ಲಿ ಅಜ್ಜಿ ಬಲೆ ಹೆಣೆಯುವ ಮರದ ಸೂಜಿಗೆ ದಾರ ಸುತ್ತತೊಡಗಿದ್ದಳು.

"ಹರಿದ ಬಲೆ ಒಂದೂ ಇಲ್ಲ, ಈಗ್ಯಾಕಜ್ಜಿ ದಾರ?" ಎಂದ.

"ನೀವು ಪೈಪು ಮುಚ್ಚಿಸ್ತೀರಲ್ಲ, ಏಡಿಗಳು ಬಂದಾಗ ನಾನು ತಯಾರಿರಬೇಡ್ವಾ?"