ಎರಡಕ್ಕೆ ಕಾಯುವ ಆಟ

ಶುಕ್ರವಾರ ಒಂದು ದಿನವಾದರೂ ಕಣ್ತುಂಬ ನಿದ್ದೆ ಮಾಡಬೇಕೆಂಬುದು ವಾರಿಜಾಕ್ಷಿಯ ಆಸೆ. ಅಲ್ ಖೋರ್‌ನ ಕ್ಲಿನಿಕ್ಕೊಂದರಲ್ಲಿ ವಾರದ ಆರು ದಿನ ನಿಂತೇ ರಕ್ತ ತೆಗೆಯುವವಳು ಅವಳು. ಏಳನೆಯ ದಿನವೂ ಬೆಳಕು ಹರಿಯುವ ಮೊದಲೇ ಎದ್ದು, ಹೊರಗೆ ಬೆಂಕಿಯಂಥ ಸೆಕೆಯಿರುವಾಗ ಸ್ವೆಟರು, ಉಣ್ಣೆಯ ಟೊಪ್ಪಿ ಚೀಲಕ್ಕೆ ತುರುಕಿಕೊಂಡು, ಕಂಪನಿ ಬಸ್ಸು ಹತ್ತಿ ದೋಹಾದ ಮಾಲ್ ಒಂದರ ಐಸ್ ರಿಂಕಿಗೆ ಹೋಗುವುದು ಯಾರಿಗೆ ಬೇಕಾಗಿತ್ತು? ಗಂಡ ದೇಜಪ್ಪನಿಗೆ ಬೇಕಾಗಿತ್ತು.

ದೇಜಪ್ಪ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಸ್ಟೋರ್ಸ್ ಸೂಪರ್‌ವೈಸರ್. ಅಲ್ಲಿನ ಕೆನಡಾದ ಸಾಹೇಬ ಮನೆಸಾಮಾನಿನ ಜೊತೆ ಹಿಡಿಕೆಯಿರುವ ಭಾರದ ಕಲ್ಲುಗಳನ್ನೂ ತರಿಸಿ, ಕರ್ಲಿಂಗ್ ಎಂಬ ಆಟವನ್ನು ಎಲ್ಲರಿಗೂ ಅಂಟಿಸಿದ್ದ. ಎರಡು ತಂಡದವರು ಸರದಿಯಂತೆ ಐಸ್ ಮೇಲೆ ಕಲ್ಲು ಜಾರಿಸಿ ದೂರದ ವೃತ್ತದೊಳಗೆ ನಿಲ್ಲಿಸಬೇಕು. ಎದುರಾಳಿಯ ಕಲ್ಲಿಗಿಂತ ನಡುವಿಗೆ ಹತ್ತಿರ ನಿಂತ ಒಂದೊಂದು ಕಲ್ಲಿಗೂ ಒಂದೊಂದು ಅಂಕ. ಇಬ್ಬರು ಅದರ ಮುಂದೆ ಮುಂದೆ ಬ್ರಷ್ಷಿನಿಂದ ಐಸನ್ನು ಉಜ್ಜುತ್ತ ಹೋದರೆ ಕಲ್ಲು ಇನ್ನಷ್ಟು ದೂರ ಹೋಗುತ್ತದೆ. ಮನೆಯಲ್ಲಿ ಹಿಡಿಸೂಡಿ ಮುಟ್ಟದ ಗಂಡಸರೆಲ್ಲ ಇಲ್ಲಿ ಬ್ರಷ್ ಹಿಡಿದು ಬೆವರು ಸುರಿಸುತ್ತಿದ್ದರು. ದೇಜಪ್ಪ ತಂಡದ ನಾಯಕನಾದ. ಸೂಜಿ ಹಿಡಿಯುವ ಹೆಂಡತಿಯ ಕೈ ನಡುಗುವುದಿಲ್ಲವೆಂದು ಕಂಡುಕೊಂಡು, ಕೊನೆಯ ಕಲ್ಲು ಅವಳದೇ ಎಂದು ತೀರ್ಮಾನಿಸಿದ. ಅವಳನ್ನು ಕೇಳಿದವರು ಯಾರು!

ಅವನ ಲೆಕ್ಕಾಚಾರವೆಲ್ಲ ಆ ಕೊನೆಯ ಕಲ್ಲಿನ ಸುತ್ತಲೇ. ಒಂದು ಸುತ್ತಿನಲ್ಲಿ ಅಂಕ ಗಳಿಸಿದವರು ಮುಂದಿನ ಸುತ್ತಿನ ಕೊನೆಯ ಕಲ್ಲನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಯಾರಿಗೂ ಅಂಕ ಬರದಿದ್ದರೆ ಅದು ಇದ್ದವರ ಕೈಯಲ್ಲೇ ಉಳಿಯುತ್ತದೆ. ಹಾಗಾಗಿ ಒಂದೇ ಅಂಕ ಸಿಗುವಂತಿದ್ದರೆ ದೇಜಪ್ಪ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಕಲ್ಲನ್ನು ಬೇಕೆಂದೇ ವೃತ್ತದಾಚೆ ದಾಟಿಸಿ, ಮುಂದಿನ ಸುತ್ತಿನಲ್ಲಿ ಎರಡು ಬರಲೆಂದು ಕಾಯುತ್ತಿದ್ದ. ಆಟದಲ್ಲಿ ಅದು ಬುದ್ಧಿವಂತಿಕೆಯೇ, ಸಾಹೇಬನೇ ಬೆನ್ನು ತಟ್ಟಿದ್ದ. ಬದುಕನ್ನೂ ಅವನು ಹಾಗೆಯೇ ಆಡುತ್ತಿದ್ದುದು ವಾರಿಜಾಕ್ಷಿಯ ಹಣೆಬರಹ.

ಮೂಲ್ಕಿಯಲ್ಲಿ ಅವಳ ಗೆಳತಿ ರತ್ನಪ್ರಭಾ ರಕ್ತಪರೀಕ್ಷೆಯ ಲ್ಯಾಬ್ ಇಟ್ಟಿದ್ದಾಳೆ. ಬಾ, ಇಬ್ಬರೂ ಸೇರಿ ನಡೆಸುವ ಎಂದು ಅವಳು ಕರೆಯುತ್ತಿರುವುದು ಇದು ಮೂರನೆಯ ವರ್ಷ. ಮೊದಲ ಸಲ ದೇಜಪ್ಪ ಗ್ರೇಡ್ ಏರಲಿ ಎಂದ. ಮರುವರ್ಷ ಹೊಸ ಪ್ಲಾಂಟ್ ಶುರುವಾಗಲಿ ಎಂದ. ನಿನ್ನೆ ರತ್ನಪ್ರಭಾ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: ನಾಳೆ ಮಧ್ಯಾಹ್ನದೊಳಗೆ ಉತ್ತರ ಬರದಿದ್ದರೆ ಬೇರೆಯವರನ್ನು ಸೇರಿಸಿಕೊಳ್ಳುತ್ತೇನೆ. ಬಸ್ಸು ಉಮ್ಮ್ ಸಲಾಲ್ ದಾಟುವಾಗ ವಾರಿಜಾಕ್ಷಿ ಆ ಮಾತೆತ್ತಿದಳು.

"ಇದೊಂದು ವರ್ಷ ಹೋಗಲಿ ಮಾರಾಯ್ತಿ," ಎಂದ ದೇಜಪ್ಪ. "ಬರುವ ವರ್ಷ ಇದಕ್ಕಿಂತ ಒಳ್ಳೆಯದು ಸಿಗ್ತದೆ. ಈಗ ಎಂತ ಅವಸರ?"

ಅವಳು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಜಗಳವಾಡುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

ಆ ದಿನ ಆಟ ಸಾಹೇಬನ ತಂಡದ ಎದುರು. ಎರಡು ಸುತ್ತು ಉಳಿದಿರುವಾಗ ದೇಜಪ್ಪನ ತಂಡ ಒಂದು ಅಂಕ ಹಿಂದಿತ್ತು. ಕೊನೆಯದರ ಹಿಂದಿನ ಆ ಸುತ್ತಿನಲ್ಲಿ ಸಾಹೇಬನ ಕೊನೆಯ ಕಲ್ಲು ಇವರದೊಂದನ್ನು ಹೊಡೆದು, ತಾನೂ ಹೊರಗೆ ಹೋಯಿತು. ವೃತ್ತ ಬರಿದಾಯಿತು. ಇನ್ನು ವಾರಿಜಾಕ್ಷಿಯದೊಂದೇ ಬಾಕಿ. ಒಳಗೆ ನಿಲ್ಲಿಸಿದರೆ ಒಂದು ಅಂಕ, ಆಟ ಸಮ. ಆದರೆ ಕೊನೆಯ ಸುತ್ತಿನ ಕೊನೆಯ ಕಲ್ಲು ಸಾಹೇಬನಿಗೆ ಹೋಗುತ್ತದೆ. ಆ ತುದಿಯಲ್ಲಿ ನಿಂತ ದೇಜಪ್ಪ ಗುರಿ ತೋರಿಸಲು ಬ್ರಷ್ಷನ್ನು ವೃತ್ತದ ಹೊರಗೆ ಊರಿದ.

"ದಾಟಿಸಿಬಿಡು! ಮುಂದಿನದ್ರಲ್ಲಿ ಎರಡು ತೆಗೆಯುವ!"

ಈ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೋ. ಇವತ್ತು ಮಾತ್ರ ಅವನ ಬ್ರಷ್ಷಿನ ಕಡೆ ನೋಡಲಿಲ್ಲ. ನೋಯುವ ಮಂಡಿಯನ್ನು ಮಡಚಿ ಕುಳಿತು, ಕಲ್ಲನ್ನು ವೃತ್ತದ ನಡುವಿಗೇ ಗುರಿಯಿಟ್ಟು, ಮೆಲ್ಲನೆ ಬಿಟ್ಟಳು.

ಉಜ್ಜುವ ಕೆಲಸ ಜೋವಿನ್ ಮತ್ತು ಅಲಿಯಬ್ಬನದು. ಇಬ್ಬರೂ ಸ್ಟೋರಿನಲ್ಲಿ ದೇಜಪ್ಪನ ಕೈಕೆಳಗಿನವರು.

"ಅಕ್ಕಾ, ಇದು ಮೆಲ್ಲ ಉಂಟಲ್ಲ!" ಎಂದು ಜೋವಿನ್ ತಬ್ಬಿಬ್ಬಾದ.

"ಉಜ್ಜಿ!" ಎಂದಳು ವಾರಿಜಾಕ್ಷಿ.

"ಬೇಡ, ಬಿಡಿ! ಅಲ್ಲೇ ನಿಲ್ಲಲಿ!" ಆ ಕಡೆಯಿಂದ ದೇಜಪ್ಪ ಅರಚಿದ. ವೃತ್ತದ ಈಚೆಗೇ ನಿಂತರೂ ಅವನಿಗೆ ಬೇಕಾದ ಸೊನ್ನೆಯೇ ಆಗುತ್ತಿತ್ತು.

ಅಲಿಯಬ್ಬ ಒಮ್ಮೆ ಅವನನ್ನು, ಒಮ್ಮೆ ಅವಳ ಮುಖವನ್ನು ನೋಡಿದ. "ಯಲ್ಲಾ, ನಡಿ," ಎಂದು ಜೋವಿನ್‌ನ ಬೆನ್ನಿಗೆ ತಟ್ಟಿ ಬಗ್ಗಿಯೇಬಿಟ್ಟ. ಇಬ್ಬರೂ ಏದುಸಿರು ಬಿಡುತ್ತ ಉಜ್ಜಿದರು. ಕಲ್ಲು ತೆವಳುತ್ತ ಹೋಗಿ ವೃತ್ತದ ಅಂಚು ಕಚ್ಚಿ ನಿಂತಿತು. ಒಂದು ಅಂಕ.

ಕೊನೆಯ ಸುತ್ತಿನಲ್ಲಿ ಸಾಹೇಬ ಕೊನೆಯ ಕಲ್ಲನ್ನು ನಟ್ಟನಡುವೆ ತಂದಿಟ್ಟು ಗೆದ್ದ. ದೇಜಪ್ಪನ ಲೆಕ್ಕ ಸರಿಯಾಗಿಯೇ ಇತ್ತು, ಪಾಪ.

"ನಿನ್ನ ಒಂದರಿಂದ ಆಟ ಹೋಯ್ತು ನೋಡು," ಎಂದ ಅವನು, ಬೆಂಚಿನಲ್ಲಿ ಕುಳಿತು ಶೂ ಬಿಚ್ಚುತ್ತ.

"ಹೋಗಲಿ. ಆ ಒಂದಾದ್ರೂ ನಮ್ಮದಾಯ್ತಲ್ಲ." ಅವಳು ಕೈಗವಸು ಕಳಚಿ ಮೊಬೈಲ್ ತೆಗೆದಳು. "ನಿಮ್ಮ ಎರಡಕ್ಕೆ ಕಾದು ಕಾದು ನಂಗೆ ಸಾಕಾಯ್ತು. ಖಲಾಸ್."

ಅವನೆದುರೇ ಫೋನ್ ಮಾಡಿದಳು. "ರತ್ನಾ, ನಾನು ಬರ್ತೇನೆ. ಇವರಾ? ಇವರದ್ದು ಇವರು ನೋಡಿಕೊಳ್ತಾರೆ."

ಮರಳುವ ಬಸ್ಸಿನಲ್ಲಿ ದೇಜಪ್ಪ ಬ್ರಷ್ಷನ್ನು ಮೊಣಕಾಲುಗಳ ನಡುವೆ ಹಿಡಿದು ಸೋತ ಮುಖ ಮಾಡಿಕೊಂಡು ಕುಳಿತಿದ್ದ. ಉಮ್ಮ್ ಸಲಾಲ್ ಬಂದ ಮೇಲೆ ಅವಳ ಕಡೆ ತಿರುಗಿದ.

"ಬರುವ ತಿಂಗಳು ನನ್ನ ಕಾಂಟ್ರಾಕ್ಟ್ ರಿನ್ಯೂ ಮಾಡ್ಲಿಕ್ಕೆ ಉಂಟು," ಎಂದ. "ಎಂತ ಮಾಡುವ? ನೀನೇ ಹೇಳು."

ಇಷ್ಟು ವರ್ಷ, ಕಲ್ಲನ್ನು ಎಲ್ಲಿಗೆ ಬಿಡಲಿ ಎಂದು ಅವನ ಮುಖ ನೋಡುತ್ತಿದ್ದವಳು ಅವಳು. ಈ ಪ್ರಶ್ನೆ ಇಷ್ಟು ತಡವಾಗಿ ಬಂತಲ್ಲ ಎಂದು ಸಿಟ್ಟು ಬಂತು, ಕನಿಕರವೂ ಆಯಿತು.

"ರಿನ್ಯೂ ಬೇಡ ಅಂತ ಹೇಳಿಬಿಡಿ," ಎಂದು ಅವನ ಭುಜಕ್ಕೆ ತಲೆಯಿಟ್ಟವಳು, ಅಲ್ ಖೋರ್ ಬರುವವರೆಗೂ ಕಣ್ತುಂಬ ನಿದ್ದೆ ಮಾಡಿದಳು.